ಮೂಲ ಕಡತ ಸಿಗುತ್ತಿಲ್ಲ

ಶುಕ್ರವಾರ ಸಂಜೆ ಕರೆಂಟ್ ಹೋದದ್ದು ಎರಡೇ ನಿಮಿಷ.
ಬಂದ ಮೇಲೆ ಲ್ಯಾಪ್‌ಟಾಪ್ ತೆಗೆದರೆ
ಹನ್ನೊಂದು ಸಾವಿರ ಹಾಡು ಹೆಸರಿಲ್ಲದೆ ನಿಂತಿದ್ದವು,
ಕಾರ್ಡು ತರದೆ ರೇಷನ್ ಅಂಗಡಿಗೆ ಬಂದವರಂತೆ.
ಟ್ರ್ಯಾಕ್ ಒಂದು. ಟ್ರ್ಯಾಕ್ ಒಂದು. ಟ್ರ್ಯಾಕ್ ಒಂದು.
ಹಾಡಿದವರು: ಗೊತ್ತಿಲ್ಲ.

ಒತ್ತಿದರೆ ಒಂದೊಂದೂ ಬಾಯಿ ಬಿಡುತ್ತಿತ್ತು, ಅದೇನು ಕೆಟ್ಟಿರಲಿಲ್ಲ.
ಹೋದದ್ದು ಹನ್ನೆರಡು ವರ್ಷ ಕೂತು ಹಚ್ಚಿದ ಸಾಲು:
ಧಾರೆಗೆ ಮುಂಚೆ,
ಎರಡನೇ ಪಂಕ್ತಿ, ಪಾಯಸ ತಡವಾದರೆ,
ಬೀಗರು ಸಿಟ್ಟಾದಾಗ (ಇದರಲ್ಲಿ ಬರೀ ಶಹನಾಯಿ),
ಜನರೇಟರ್ ಕೈಕೊಟ್ಟು ಮತ್ತೆ ಬಂದಾಗ.

ಬೆಳಗಾದರೆ ಆನಗೋಡಿನಲ್ಲಿ ಮದುವೆ.
ಐದೂವರೆಗೆ ದೇವರ ಹಾಡು ಶುರುವಾಗಬೇಕು.
ಇಷ್ಟು 'ಟ್ರ್ಯಾಕ್ ಒಂದು'ಗಳಲ್ಲಿ ದೇವರು ಯಾವುದರಲ್ಲಿದ್ದಾನೆ?

'ಬ್ಯಾಕಪ್ ಇಲ್ವಾ ಅಣ್ಣ?' ಅಂದ ತಿಪ್ಪೇಶ.
ಇತ್ತು. ಎಲ್ಲಿ ಎನ್ನಲು ನಾಲಿಗೆ ಏಳಲಿಲ್ಲ.

ಬಾಷಾನಗರ, ಮಂಡಕ್ಕಿ ಭಟ್ಟಿ ದಾಟಿ ಎರಡನೇ ಸಂದಿ,
ಚಮನ್‌ಸಾಬನ ಮನೆ.
ನಮ್ಮ ಬೋರ್ಡಿನಲ್ಲಿ ಅವನ ಹೆಸರಿನ ಮೇಲೆ ಬಳಿದ ಸುಣ್ಣ
ಮಳೆ ಬಂದಾಗಲೆಲ್ಲ ತೆಳುವಾಗುತ್ತದೆ.
ನಾಲ್ಕು ಲೀಟರ್ ಡೀಸೆಲ್ ಲೆಕ್ಕ, ಅಷ್ಟೇ.
ಹಾಕಿಸಿದೆ ಅಂದ. ಕ್ಯಾನು ಒಣಗಿತ್ತು ಅಂದೆ.
ಎಂಟು ಸ್ಪೀಕರಿನಲ್ಲಿ ನಾಲ್ಕು ನಾಲ್ಕು,
ಆಂಪ್ಲಿಫೈಯರ್ ನನಗೆ, ಮಿಕ್ಸರ್ ಅವನಿಗೆ,
ಹಾಡು ಮಾತ್ರ ಇಬ್ಬರಿಗೂ ಪೂರ್ತಿ.
ಪಾಲಾಗಿಯೂ ಸವೆಯದ ಆಸ್ತಿ ಅದೊಂದೇ ಕಂಡೆ.

ಅವನು ಹಿಡಿದು ತಂದ ಸದ್ದುಗಳಿದ್ದವು, ಅವನ್ನೆಲ್ಲ
ಅವತ್ತು ರಾತ್ರಿಯೇ ಅಳಿಸಿದೆ.
ಕಸದ ಬುಟ್ಟಿಯನ್ನೂ ಬರಿದು ಮಾಡಿದೆ.

ಫೋನು ತಿಪ್ಪೇಶನೇ ಮಾಡಿದ.
ಒಂಬತ್ತೂವರೆಗೆ ಬಂದವಳು ಮಗಳು, ಮೆಹಜಬೀನ್,
ಟಿಫಿನ್ ಡಬ್ಬಿಯಲ್ಲಿ ಡಿಸ್ಕು, ಡಿಸ್ಕಿಗೆ ಸುತ್ತಿದ ಕರ್ಚೀಫು.
'ಅಬ್ಬಾ ಏನಂದ್ರು?'
'ಏನಿಲ್ಲ. ಅವ್ನತ್ರ ವೈರ್ ಇರಲ್ಲ, ಒಯ್ಯಿ ಅಂದ್ರು.'

ಬಿಸಿಎ ಎರಡನೇ ವರ್ಷ. ಕೂತವಳೇ
ಕೆಟ್ಟ ಕಡತಕ್ಕೆ ಮೊದಲು ಬೇರೆ ಹೆಸರಿಟ್ಟಳು.
'ಕೆಟ್ಟಿದ್ದನ್ನ ಎಸೀಬಾರ್ದು ಅಂಕಲ್, ಪಕ್ಕಕ್ಕಿಡ್ಬೇಕು.'
ಹಳೆಯದನ್ನು ಎಳೆತಂದು ಆ ಜಾಗದಲ್ಲಿ ಬಿಟ್ಟಳು.
ಹಸಿರು ಪಟ್ಟಿ
ಅಶೋಕ ಗೇಟಿನಲ್ಲಿ ಗೂಡ್ಸು ಹಾಯುವಂತೆ
ಮುಗಿಯಿತೆಂದಾಗಲೆಲ್ಲ ಇನ್ನೊಂದು ಡಬ್ಬಿ.

ಬಂದವು ಹೆಸರುಗಳು.
ಪಾಯಸ ಬಂತು, ಬೀಗರು ಬಂದರು, ಧಾರೆ ಬಂತು.
ತಿಪ್ಪೇಶ ಶಿಳ್ಳೆ ಹೊಡೆದ.

ಬ್ಯಾಕಪ್ಪಿಗೇನು ಗೊತ್ತು,
ಯಾವುದು ಕಳೆದದ್ದು, ಯಾವುದು ಎಸೆದದ್ದು?
ಅದರ ತಾರೀಖು ಕಳೆದ ವರ್ಷ ಮಾರ್ಚ್ ಆರು,
ಡೀಸೆಲ್ಲಿಗೆ ನಾಲ್ಕು ದಿನ ಮುಂಚೆ.
ಅಲ್ಲಿ ನಾವಿನ್ನೂ ಒಂದೇ ಟೆಂಪೊದವರು.
ಚಮನ್: ಕುಂದವಾಡ ಕೆರೆ ಕಪ್ಪೆ, ನಾಲ್ಕು ನಿಮಿಷ.
ಚಮನ್: ಮಿಲ್ಲಿನ ಸೈರನ್, ಹಳೇ ಕ್ಯಾಸೆಟ್ಟಿಂದ.
ಚಮನ್: ಹಾಲೇಶನ ಗೊರಕೆ, ಹೊಳಲ್ಕೆರೆ ದಾಟಿದ ಮೇಲೆ.
ಪ್ರತಿಯೊಂದರ ಪಕ್ಕ ಒಂದು ಉದ್ಗಾರ ಚಿಹ್ನೆ,
ಬೆರಳೆತ್ತಿ ನಿಂತ ಹುಡುಗನ ಥರ.
ಡಿಸ್ಕಿನಲ್ಲಿದ್ದದ್ದು ಪಟ್ಟಿ; ಸದ್ದು ನಾನೇ ಸುಟ್ಟಿದ್ದೆನಲ್ಲ.

ಸಂಜೆ ಹೆಸರಿಲ್ಲದ ಹಾಡುಗಳು,
ರಾತ್ರಿ ಹಾಡಿಲ್ಲದ ಹೆಸರುಗಳು.

ಗೊರಕೆಯ ಮೇಲೆ ಒತ್ತಿದೆ, ಸುಮ್ಮನೆ.
ಪುಟ್ಟ ಚೌಕವೊಂದು ತೆರೆದು ಇಂಗ್ಲಿಷಿನಲ್ಲಿ ಏನೋ ಕೇಳಿತು.
ಹುಡುಗಿ ಓದಿ ಹೇಳಿದಳು:
'ಮೂಲ ಕಡತ ಸಿಗುತ್ತಿಲ್ಲ. ಹುಡುಕಬೇಕೇ?'
ಕೆಳಗೆ ಎರಡು ಗುಂಡಿ. ಹೌದು. ಬೇಡ.

'ಅದು ಅಬ್ಬಾ ಫೋನಲ್ಲೈತೆ,' ಅಂದಳು ಕಣ್ಣೆತ್ತದೆ.
'ನಿಮ್ ಗೊರಕೆ. ಬೆಳಿಗ್ಗೆ ಐದಕ್ಕೆ ಅಲಾರಂ ಅದೇ.'

ಹೊರಗೆ ತಿಪ್ಪೇಶ ಸ್ಪೀಕರ್ ಹೇರುತ್ತಿದ್ದ, ನಾಲ್ಕೇ,
ಟೆಂಪೊದಲ್ಲಿ ಇನ್ನೂ ಜಾಗವಿತ್ತು.
ತಂದ ಡಬ್ಬಿ ಬರಿದೇ ಕಳಿಸಬಾರದೆಂದು
ನಾನು ಮಂಡಕ್ಕಿ ತುಂಬುತ್ತ ನಿಂತೆ, ಒತ್ತಿ ಒತ್ತಿ;
ಚೌಕ ತೆರೆದೇ ಇತ್ತು,
ಡಬ್ಬಿಯ ಮುಚ್ಚಳ ಕೂರಲಿಲ್ಲ.